ಕರಿ ಬಟ್ಟೆ ಹೊದಿಸುವ ಮುನ್ನ

ಕೈಯಾರೆ ಮಾಡಿದ ಮರದ ಪ್ಯಾಡಲ್‌ಬೋರ್ಡಿಗೆ ಕಾರ್ಬನ್ ಫೈಬರ್ ಹೊದಿಸಬೇಕೆಂದಿದ್ದೀರಾ? ಆಸೆಪಟ್ಟು ಜೋಡಿಸಿದ ಮರದ ಗೆರೆಗಳು ಮತ್ತೆ ಕಾಣುವುದಿಲ್ಲ, ನೆನಪಿರಲಿ. ನನಗಂತೂ ಮೇಲಕ್ಕೆ ಗ್ಲಾಸ್ ಬಟ್ಟೆ, ಅಡಿಗೆ ಮಾತ್ರ ಕಾರ್ಬನ್ ಸಾಕೆನಿಸುತ್ತದೆ. ಗ್ಲಾಸ್ ಬಟ್ಟೆ ಎಪಾಕ್ಸಿ ಕುಡಿದೊಡನೆ ಪಾರದರ್ಶಕವಾಗುತ್ತದೆ. ಕಾರ್ಬನ್ ಒಣಗಿದ್ದರೂ ಕಪ್ಪು, ನೆನೆದರೂ ಕಪ್ಪು. ಹಾಗಾಗಿ ಮರಕ್ಕೇ ಮೊದಲು ಎಪಾಕ್ಸಿ ಬಳಿದು, ಬಟ್ಟೆ ಹಾಸಿ, ಓರೆಯಾಗಿ ಬೆಳಕು ಬಿಟ್ಟು ಒಣ ಜಾಗ ಹುಡುಕಿ. ಬಿಸಿಲೇರುವ ಹೊತ್ತಿನಲ್ಲಿ ಬಳಿದರೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಸಂಜೆ ತಂಪಾಗುವಾಗ ಕೆಲಸಕ್ಕೆ ಕೂರಿ. ಒಳಗೆ ಟೊಳ್ಳಾದ ಬೋರ್ಡಿಗೆ ಗಾಳಿಕಿಂಡಿ ಬೇಕೇ ಬೇಕು. ಕಪ್ಪು ಮೈ ಬಿಸಿಲಿಗೆ ಕಾದರೆ ಒಳಗಾಳಿ ಬೆಸುಗೆಯನ್ನೇ ಬಿಡಿಸೀತು. ಅಲ್ಯೂಮಿನಿಯಂ ತಿರುಪು ಕಾರ್ಬನ್ನಿಗೆ ತಾಗದಿರಲಿ, ಉಪ್ಪುನೀರಲ್ಲಿ ಸವೆದುಹೋಗುತ್ತದೆ. ಉಜ್ಜುವಾಗ ಮಾಸ್ಕ್, ತುಂಬುತೋಳಿನ ಅಂಗಿ ಮರೆಯಬೇಡಿ. ಆ ಪುಡಿ ನಸುಗುನ್ನಿ ತಾಗಿದಂತೆ ತುರಿಸುತ್ತದೆ.