ಮನಸ್ಸಿನ ಆರೈಕೆ: ಶಾಲೆಯಲ್ಲಿ, ಊರಿನಲ್ಲಿ

ಶರೀರ ಮತ್ತು ಮನಸ್ಸು ಇವೆರಡೂ ವ್ಯಾಧಿಗೆ ಆಶ್ರಯಸ್ಥಾನಗಳೆಂದು ಆಯುರ್ವೇದವು ಹೇಳುತ್ತದೆ. ವಾತ, ಪಿತ್ತ, ಕಫಗಳು ಶರೀರದ ದೋಷಗಳಾದರೆ, ರಜಸ್ಸು ಮತ್ತು ತಮಸ್ಸು ಮನಸ್ಸಿನ ದೋಷಗಳು. ಇಂದ್ರಿಯಗಳೂ ಮನಸ್ಸೂ ಪ್ರಸನ್ನವಾಗಿರುವುದನ್ನು ಸುಶ್ರುತಾಚಾರ್ಯರು ಸ್ವಸ್ಥನ ಲಕ್ಷಣಗಳಲ್ಲಿಯೇ ಸೇರಿಸಿದ್ದಾರೆ. ಆದರೂ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಮರುದಿನವೇ ವೈದ್ಯರ ಬಳಿಗೆ ಹೋಗುವ ನಾವು, ಮನಸ್ಸು ಕುಗ್ಗಿದರೆ ಅದನ್ನು ವರ್ಷಗಟ್ಟಲೆ ಮುಚ್ಚಿಡುತ್ತೇವೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ವಯಸ್ಕರಲ್ಲಿ ಶೇಕಡಾ 10.6ರಷ್ಟು ಜನರಿಗೂ, 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೂ ಯಾವುದಾದರೊಂದು ಮಾನಸಿಕ ತೊಂದರೆ ಇರುವುದು ಕಂಡುಬಂದಿತು. ಇಂತಹವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮನೋವೈದ್ಯರು ಹೆಚ್ಚಾಗಿ ನಗರಗಳಲ್ಲಿದ್ದಾರೆ. ನೊಂದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಈ ಅಂತರವನ್ನು ತುಂಬುವ ಬಗೆ ಹೇಗೆಂಬುದನ್ನು ಕಂಡುಕೊಳ್ಳುವುದೇ ವಿಶ್ವವಿದ್ಯಾಲಯಗಳ ಕೆಲವು ಸಂಶೋಧಕರ ಕಾಯಕವಾಗಿದೆ. ಅವರ ಪರಿಶ್ರಮದಿಂದ ನಮಗೆ ದೊರೆತ ತಿಳಿವನ್ನು ಇಲ್ಲಿ ನೋಡೋಣ.

ಸಂಶೋಧಕರ ಕೆಲಸದ ಬಗೆ

ಸಂಶೋಧಕರು ಗ್ರಂಥಾಲಯದಲ್ಲಿ ಕುಳಿತು ಬರೆಯುವವರು ಮಾತ್ರವೆಂದು ತಿಳಿಯಬಾರದು. ಶಾಲೆಯಲ್ಲಿ ಅಧ್ಯಯನ ನಡೆಸಬೇಕಾದರೆ ಮೊದಲು ನೈತಿಕ ಸಮಿತಿಯ ಅನುಮತಿ ಬೇಕು. ಅನಂತರ ಶಾಲೆಯ ಒಪ್ಪಿಗೆ, ಪೋಷಕರ ಒಪ್ಪಿಗೆ, ಅದರೊಡನೆ ಮಗುವಿನ ಸಮ್ಮತಿಯೂ ಬೇಕು. ಮಗು ಹೇಳಿದ್ದನ್ನು ಗುಟ್ಟಾಗಿಡಬೇಕು. ಆದರೆ ಅದರ ಪ್ರಾಣಕ್ಕೆ ಅಪಾಯವಿದೆಯೆಂದು ಕಂಡರೆ ಕೂಡಲೇ ರಕ್ಷಣೆಗೆ ಮುಂದಾಗಬೇಕು.

ಮನಸ್ಸನ್ನು ಅಳೆಯುವುದು ಇನ್ನೊಂದು ಕಷ್ಟ. ಖಿನ್ನತೆಯನ್ನು ಗುರುತಿಸಲು 9 ಪ್ರಶ್ನೆಗಳ ಪಟ್ಟಿಯೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಳೆದ ಎರಡು ವಾರಗಳಲ್ಲಿ ನಿದ್ರೆ, ಹಸಿವು, ಉತ್ಸಾಹ, ಏಕಾಗ್ರತೆ ಮುಂತಾದವು ಹೇಗಿದ್ದವೆಂದು ಅದು ಕೇಳುತ್ತದೆ. ಪ್ರಶ್ನೆಗಳನ್ನು ಪದಕ್ಕೆ ಪದವಿಟ್ಟು ಭಾಷಾಂತರಿಸಿದರೆ ಸಾಲದು. ನಮ್ಮ ಚಿಕಿತ್ಸಾಲಯಕ್ಕೆ ಬರುವವರು ‘ಖಿನ್ನತೆ’ ಎಂಬ ಮಾತನ್ನು ಆಡುವುದಿಲ್ಲ. ‘ಎದೆ ಭಾರ’, ‘ತಲೆ ಉರಿ’, ‘ಜೀವಕ್ಕೆ ಬ್ಯಾಸರ’ ಎನ್ನುತ್ತಾರೆ. ಜನರ ಮಾತಿನಲ್ಲಿ ಕೇಳಿದಾಗ ಮಾತ್ರ ಜನರ ನೋವು ಹೊರಬರುತ್ತದೆ.

ಹೋಲಿಕೆಯೂ ಅಗತ್ಯ. ಪರೀಕ್ಷೆ ಮುಗಿದ ಮೇಲೆ ಅನೇಕ ಮಕ್ಕಳ ಆತಂಕ ತಾನಾಗಿಯೇ ಇಳಿಯುತ್ತದೆ. ಅದನ್ನು ನಾವು ಕೊಟ್ಟ ಸೇವೆಯ ಫಲವೆಂದು ಭಾವಿಸಿದರೆ ಮೋಸಹೋದಂತೆ. ಆದ್ದರಿಂದ ಶಾಲೆಗಳನ್ನು ಚೀಟಿ ಎತ್ತಿದ ರೀತಿಯಲ್ಲಿ ಗುಂಪುಗಳಾಗಿ ವಿಂಗಡಿಸಿ, ಸೇವೆ ದೊರೆತ ಶಾಲೆಗಳನ್ನು ದೊರೆಯದ ಶಾಲೆಗಳೊಡನೆ ಹೋಲಿಸಿ ನೋಡುತ್ತಾರೆ.

ಬಳ್ಳಾರಿ ತೋರಿದ ದಾರಿ

ಈ ಬಗೆಯ ಪ್ರಯತ್ನಗಳಲ್ಲಿ ಕನ್ನಡ ನಾಡಿಗೆ ಹಿರಿಯ ಸ್ಥಾನವಿದೆ. 1970ರ ದಶಕದಲ್ಲಿಯೇ ನಿಮ್ಹಾನ್ಸ್ ತಜ್ಞರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೇಂದ್ರವೊಂದನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ರೋಗಗಳನ್ನು ಗುರುತಿಸುವ ತರಬೇತಿ ನೀಡತೊಡಗಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು 1985ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಳ್ಳಲಾಯಿತು.

ಅಲ್ಲಿ ನಡೆದ ಕಾರ್ಯ ಸರಳವಾಗಿಯೇ ಇತ್ತು. ಊರಿನ ಸ್ಥಿತಿಯನ್ನು ಬಲ್ಲ ಆರೋಗ್ಯ ಕಾರ್ಯಕರ್ತರು ರೋಗಿಯನ್ನು ಗುರುತಿಸುವುದು, ಸಮೀಪದ ಆರೋಗ್ಯ ಕೇಂದ್ರದ ವೈದ್ಯರು ಕೆಲವೇ ಅಗತ್ಯ ಔಷಧಿಗಳಿಂದ ಚಿಕಿತ್ಸೆ ನೀಡುವುದು, ಕಠಿಣ ಪ್ರಸಂಗಗಳನ್ನು ಮಾತ್ರ ತಜ್ಞರಿಗೆ ಕಳುಹಿಸುವುದು. ದೂರದ ಆಸ್ಪತ್ರೆಯ ದಾರಿ ಕಾಣದೆ ಮನೆಯ ಮೂಲೆಯಲ್ಲಿ ಉಳಿಯುವ ರೋಗಿಗೆ ತನ್ನ ಊರಿನ ಹತ್ತಿರವೇ ಔಷಧಿ ದೊರೆಯಬಲ್ಲದೆಂಬುದನ್ನು ಬಳ್ಳಾರಿ ತೋರಿಸಿತು. ಈ ಮಾದರಿಯನ್ನೇ ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದ 4 ಜಿಲ್ಲೆಗಳಲ್ಲಿ ಆರಂಭವಾಗಿ ಮುಂದೆ ವಿಸ್ತರಿಸಿತು.

ನಾಲಂದದ ಶಾಲೆಗಳು ಕಲಿಸಿದ ಪಾಠ

ಊರಿನ ಮಾತಾಯಿತು; ಶಾಲೆಯ ಮಾತೇನು? ಬಿಹಾರದ ನಾಲಂದ ಜಿಲ್ಲೆಯಲ್ಲಿ ‘ಸೆಹೆರ್’ ಎಂಬ ಅಧ್ಯಯನ ನಡೆಯಿತು. ಗೋವೆಯ ಸಂಗಾತ್ ಸಂಸ್ಥೆಯ ಸಂಶೋಧಕರು ವಿದೇಶದ ವಿಶ್ವವಿದ್ಯಾಲಯಗಳ ವಿದ್ವಾಂಸರೊಡನೆ ಕೂಡಿ ನಡೆಸಿದ ಇದರ ಫಲಿತಾಂಶವು 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 75 ಸರ್ಕಾರಿ ಪ್ರೌಢಶಾಲೆಗಳನ್ನು ಆಯ್ದು, ತಲಾ 25ರಂತೆ ಮೂರು ಗುಂಪು ಮಾಡಲಾಯಿತು. ಮೊದಲನೆಯ ಗುಂಪಿನಲ್ಲಿ, ಮನೋವೈದ್ಯರಲ್ಲದ, ಆದರೆ ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರು ಸೇವೆ ನೀಡಿದರು. ಎರಡನೆಯದರಲ್ಲಿ ಶಾಲೆಯ ಶಿಕ್ಷಕರೇ ಅದೇ ಸೇವೆಯ ಹೊಣೆ ಹೊತ್ತರು. ಮೂರನೆಯದರಲ್ಲಿ ಎಂದಿನ ಜೀವನ ಕೌಶಲದ ತರಗತಿಗಳು ಮಾತ್ರ ನಡೆದವು.

ಸೇವೆಯಲ್ಲಿ ಏನಿತ್ತು? ಬೆಳಗಿನ ಸಭೆಯಲ್ಲಿ ತಿಳಿವಳಿಕೆಯ ಮಾತು, ಗೋಡೆ ಪತ್ರಿಕೆ, ಸ್ಪರ್ಧೆಗಳು, ಮಕ್ಕಳು ತಮ್ಮ ಅಳಲನ್ನು ಬರೆದು ಹಾಕುವ ಪೆಟ್ಟಿಗೆ, ಬೇಕಾದವರಿಗೆ ಏಕಾಂತದಲ್ಲಿ ಸಮಾಲೋಚನೆ. ಎಂಟು ತಿಂಗಳ ತರುವಾಯ ನೋಡಿದಾಗ ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು. ಖಿನ್ನತೆಯ ಲಕ್ಷಣಗಳು, ಪೀಡಿಸುವಿಕೆ, ಹಿಂಸೆ ತಗ್ಗಿದ್ದವು. ಶಿಕ್ಷಕರು ಹೊಣೆ ಹೊತ್ತ ಶಾಲೆಗಳಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಕಾಣಲಿಲ್ಲ.

ಇದನ್ನು ಶಿಕ್ಷಕರ ನಿಂದೆಯೆಂದು ಭಾವಿಸಬಾರದು. ಪಾಠ, ಪರೀಕ್ಷೆ, ಲೆಕ್ಕಪತ್ರಗಳ ನಡುವೆ ಅವರಿಗೆ ಬಿಡುವೆಲ್ಲಿ? ಅಂಕ ಕೊಡುವವರ, ಗದರಿಸುವವರ ಮುಂದೆ ಮಗು ಮನಸ್ಸು ಬಿಚ್ಚಲು ಹಿಂಜರಿಯುವುದೂ ಸಹಜ. ನಮಗೆ ತಿಳಿದುಬರುವುದು ಇಷ್ಟೆ: ಪದವಿ ದೊಡ್ಡದಿಲ್ಲದಿದ್ದರೂ, ತರಬೇತಿಯುಳ್ಳ ಒಬ್ಬರು ಈ ಕಾರ್ಯಕ್ಕೆಂದೇ ಸಮಯ ಕೊಟ್ಟು ಕುಳಿತರೆ ಮಕ್ಕಳಿಗೆ ಹಿತವಾಗುತ್ತದೆ, ಇರುವ ಹೊರೆಯ ಮೇಲೆ ಇದನ್ನೂ ಹೇರಿದರೆ ಆಗುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ್ದೆಲ್ಲವೂ ಫಲಿಸುತ್ತದೆಂಬ ಭರವಸೆಯಿಲ್ಲ. ಫಲಿಸಿತೇ ಎಂದು ಪರೀಕ್ಷಿಸಿ ನೋಡಬೇಕು. ಸಂಶೋಧಕರು ಮಾಡಿದ ಉಪಕಾರ ಇದೇ.

ಪ್ರಸಾದನಿಲಯಗಳನ್ನೂ ಶಾಲೆಗಳನ್ನೂ ನಡೆಸುವ ನಮ್ಮ ನಾಡಿನ ಮಠಗಳಿಗೆ ಈ ಪಾಠವು ನೇರವಾಗಿ ಅನ್ವಯಿಸುತ್ತದೆ. ತಂದೆತಾಯಿಯನ್ನು ಬಿಟ್ಟು ಬಂದ ಮಗುವಿಗೆ ಅನ್ನ, ಅಕ್ಷರಗಳ ಜೊತೆಗೆ ತನ್ನ ಮಾತನ್ನು ಕೇಳುವ ಒಂದು ಕಿವಿಯೂ ಬೇಕು. ನಿಲಯಕ್ಕೊಬ್ಬರು ತರಬೇತಿ ಪಡೆದ ಸಮಾಲೋಚಕರಿದ್ದರೆ, ಅದಕ್ಕಾಗುವ ವೆಚ್ಚ ಸಾರ್ಥಕವೇ ಸರಿ.

ಆಯುರ್ವೇದದ ದೃಷ್ಟಿ

ಚರಕಸಂಹಿತೆಯು ಹೇಳುವ ಮೂರು ಬಗೆಯ ಚಿಕಿತ್ಸೆಗಳು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯ ಮತ್ತು ಸತ್ತ್ವಾವಜಯ. ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದೆಳೆಯುವುದೇ ಸತ್ತ್ವಾವಜಯ. ಪೂಜೆ, ಪ್ರಾರ್ಥನೆಗಳಿಂದ ಮನಸ್ಸಿಗೆ ಬಲ ಬರುತ್ತದೆ, ನಿಜ. ಆದರೆ ಅದರೊಡನೆ ಔಷಧಿಯನ್ನೂ ಸಮಾಲೋಚನೆಯನ್ನೂ ಆಚಾರ್ಯರು ಹೇಳಿದ್ದಾರೆಂಬುದನ್ನು ಮರೆಯಬಾರದು. ಗಾಳಿ ಸೋಕಿತೆಂದು ತಿಂಗಳುಗಟ್ಟಲೆ ಅಲೆದು, ರೋಗ ಬಲಿತ ಮೇಲೆ ವೈದ್ಯರನ್ನು ಕಾಣುವುದು ತರವಲ್ಲ. ಕಷಾಯ, ಘೃತಗಳನ್ನು ಕೊಡುವ ನಾವು ಕೂಡ ತೀವ್ರ ಲಕ್ಷಣಗಳುಳ್ಳವರನ್ನು ಮನೋವೈದ್ಯರ ಬಳಿಗೇ ಕಳುಹಿಸುತ್ತೇವೆ.

ಸದ್ಭಕ್ತರು ಗಮನಿಸಬೇಕಾದ ಅಂಶಗಳು

1. ಎರಡು ವಾರಗಳಿಗೂ ಮೀರಿ ನಿದ್ರೆ, ಹಸಿವು, ಆಸಕ್ತಿ ಕುಂದಿದ್ದರೆ ವೈದ್ಯರಿಗೆ ತೋರಿಸಿರಿ.

2. ಚುರುಕಾಗಿದ್ದ ಮಗು ಮೌನವಾದರೆ, ಶಾಲೆಗೆ ಹೋಗಲು ಒಲ್ಲೆನೆಂದರೆ, ಪದೇ ಪದೇ ಹೊಟ್ಟೆನೋವೆಂದರೆ ಗದರಿಸಬೇಡಿರಿ. ಪಕ್ಕದಲ್ಲಿ ಕುಳಿತು ಕೇಳಿರಿ.

3. ‘ಬದುಕು ಸಾಕು’ ಎಂಬ ಮಾತನ್ನು ಎಂದೂ ಹಗುರವಾಗಿ ಎಣಿಸಬೇಡಿರಿ. ಅಂತಹವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

4. ವೈದ್ಯರು ಕೊಟ್ಟ ಮಾನಸಿಕ ರೋಗದ ಮಾತ್ರೆಗಳನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿರಿ. ನಮ್ಮಂತಹ ಆಯುರ್ವೇದ ವೈದ್ಯರ ಬಳಿಗೆ ಬಂದಾಗ ಆ ಮಾತ್ರೆಗಳ ವಿವರವನ್ನು ತಪ್ಪದೆ ತಿಳಿಸಿರಿ.

5. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.

ಮನೋರೋಗವು ಪಾಪದ ಫಲವೂ ಅಲ್ಲ, ಮನೆತನಕ್ಕೆ ಕಳಂಕವೂ ಅಲ್ಲ. ಅದು ಆರೈಕೆಯಿಂದ ಉಪಶಮನ ಹೊಂದುವ ವ್ಯಾಧಿ. ಆ ಆರೈಕೆಯ ಮೊದಲ ಹೆಜ್ಜೆಯಾದ ಕೇಳುವ ತಾಳ್ಮೆಯು ಪ್ರತಿಯೊಂದು ಮನೆಯಲ್ಲಿಯೂ ಬೆಳೆಯಲಿ ಎಂದು ಹಾರೈಸುತ್ತೇವೆ.