ವಿದ್ಯುತ್ ಯೋಜನೆಗೆ ಅನುಮತಿ ದೊರೆಯುವ ಬಗೆ

ಸಂಜೆಯಾಗುತ್ತಲೇ ಸ್ವಿಚ್ಚು ಒತ್ತುತ್ತೇವೆ, ದೀಪ ಬೆಳಗುತ್ತದೆ. ತೋಟಕ್ಕೆ ನೀರು ಬೇಕೆಂದಾಗ ಪಂಪು ತಿರುಗುತ್ತದೆ. ವಿದ್ಯುತ್ತು ಹೇಗೆ ಉತ್ಪನ್ನವಾಗುತ್ತದೆ ಎಂಬುದನ್ನು ನಾವೆಲ್ಲರೂ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಆದರೆ ಅದಕ್ಕಾಗಿ ಹೊಳೆಗೆ ಅಣೆಕಟ್ಟು ಕಟ್ಟಲು, ಸಮುದ್ರ ತೀರದಲ್ಲಿ ಕಲ್ಲಿದ್ದಲು ಉರಿಸಲು, ಅಡಿಕೆ ತೋಟಗಳ ಮೇಲೆ ತಂತಿ ಎಳೆಯಲು ಅನುಮತಿ ಕೊಡುವವರು ಯಾರು? ಯಾರನ್ನು ಕೇಳಿ ಕೊಡುತ್ತಾರೆ? ಇದು ವಿಜ್ಞಾನದ ಪ್ರಶ್ನೆಯಲ್ಲ, ಪೌರನೀತಿಯ ಪ್ರಶ್ನೆ. ನಮ್ಮ ಕೇರಳ ರಾಜ್ಯದ ಎರಡು ಯೋಜನೆಗಳ ಕಥೆಯ ಮೂಲಕ ಇದಕ್ಕೆ ಉತ್ತರ ಕಂಡುಕೊಳ್ಳಲು ಇಲ್ಲಿ ಪ್ರಯತ್ನಿಸೋಣ.

ಮುಂಚಿತ ಅನುಮತಿ ಏಕೆ?

ಸ್ವಾತಂತ್ರ್ಯ ಬಂದ ಮೊದಲ ದಶಕಗಳಲ್ಲಿ ದೇಶಕ್ಕೆ ಬೇಕಾಗಿದ್ದುದು ಬೆಳಕು ಮತ್ತು ನೀರು. ಯೋಜನಾ ಆಯೋಗವು ಒಂದು ಯೋಜನೆಗೆ ಎಷ್ಟು ಖರ್ಚು, ಎಷ್ಟು ಲಾಭ ಎಂದು ಲೆಕ್ಕ ಹಾಕಿ ಒಪ್ಪಿಗೆ ನೀಡುತ್ತಿತ್ತು. 1976ರಲ್ಲಿ ಕಾರ್ಯಾರಂಭ ಮಾಡಿದ ಇಡುಕ್ಕಿ ಜಲವಿದ್ಯುತ್ ಯೋಜನೆ ಆ ಕಾಲದ ಸಾಧನೆ. ಅದರ ಸಾಮರ್ಥ್ಯ 780 ಮೆಗಾವಾಟ್. ಕೇರಳದ ಮನೆಮನೆಗೆ ಬೆಳಕು ತಂದುದರಲ್ಲಿ ಅದರ ಪಾಲು ದೊಡ್ಡದು. ಅದನ್ನು ಕಟ್ಟಿದವರ ಶ್ರಮವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಆ ಲೆಕ್ಕದಲ್ಲಿ ಸೇರದ ಸಂಗತಿಗಳೂ ಇದ್ದುವು. ಮುಳುಗುವ ಕಾಡಿಗೆ ಬೆಲೆ ಎಷ್ಟು? ಹೊಳೆಯ ಕೆಳಭಾಗದಲ್ಲಿ ಮೀನು ಹಿಡಿದು ಬದುಕುವವನ ಗತಿ ಏನು? ಮನೆ ಕಟ್ಟುವಾಗ ಗೋಡೆ ವಕ್ರವಾದರೆ ಕೆಡವಿ ಮತ್ತೆ ಕಟ್ಟಬಹುದು. ಅಣೆಕಟ್ಟು ಕಟ್ಟಿ ಕಾಡು ಮುಳುಗಿದ ಮೇಲೆ ಆ ಕಾಡನ್ನು ಮರಳಿ ತರಲಾಗದು. 'ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದರು' ಎಂಬ ಗಾದೆಯಂತೆ ಆಗಬಾರದೆಂದಾದರೆ, ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಕೇಳಬೇಕು. ಮುಂಚಿತ ಅನುಮತಿಯ ತತ್ತ್ವ ಇದುವೇ.

ಸೈಲೆಂಟ್ ವ್ಯಾಲಿ ಕಲಿಸಿದ ಪಾಠ

ಪಾಲಕ್ಕಾಡ್ ಜಿಲ್ಲೆಯ ಪಶ್ಚಿಮ ಘಟ್ಟದಲ್ಲಿ ಸೈಲೆಂಟ್ ವ್ಯಾಲಿ ಎಂಬ ನಿತ್ಯಹರಿದ್ವರ್ಣದ ಕಾಡಿದೆ. ಅದರ ನಡುವೆ ಕುಂತಿಪುಳ ಎಂಬ ಹೊಳೆ ಹರಿಯುತ್ತದೆ. ಈ ಹೊಳೆಗೆ ಅಣೆಕಟ್ಟು ಕಟ್ಟಿ 120 ಮೆಗಾವಾಟ್ ವಿದ್ಯುತ್ ಉತ್ಪಾದಿಸುವ ಯೋಜನೆಗೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ದೊರೆಯಿತು. ವಿದ್ಯುತ್ತಿನ ಕೊರತೆಯಿದ್ದ ಮಲಬಾರಿಗೆ ಇದು ಬೇಕೇ ಬೇಕು ಎಂದು ವಿದ್ಯುತ್ ಮಂಡಳಿ ವಾದಿಸಿತು. ಆ ವಾದ ಪೊಳ್ಳಾಗಿರಲಿಲ್ಲ. ಹಳ್ಳಿಗಳಲ್ಲಿ ಕತ್ತಲೆಯಿತ್ತು, ಹೊಲಗಳಿಗೆ ನೀರು ಬೇಕಿತ್ತು.

ಇತ್ತ ಸುಮಾರು 830 ಹೆಕ್ಟೇರ್ ಕಾಡು ಮುಳುಗಲಿತ್ತು. ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಸ್ವಾಭಾವಿಕವಾಗಿ ಕಾಣಸಿಗದ ಸಿಂಗಳೀಕಕ್ಕೆ ಅದು ನೆಲೆಯಾಗಿತ್ತು. ಆಗ ಪರಿಸರದ ದೃಷ್ಟಿಯಿಂದ ಯೋಜನೆಯನ್ನು ಕಡ್ಡಾಯವಾಗಿ ಪರಿಶೀಲಿಸಬೇಕೆಂಬ ಕಾನೂನೇ ಇರಲಿಲ್ಲ. ಆದುದರಿಂದ ಪ್ರಶ್ನೆ ಕೇಳುವ ಕೆಲಸವನ್ನು ಜನರೇ ವಹಿಸಿಕೊಂಡರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಯೋಜನೆಯ ಲಾಭ ನಷ್ಟಗಳನ್ನು ಅಧ್ಯಯನ ಮಾಡಿ ವರದಿ ಪ್ರಕಟಿಸಿತು. ಮಲಬಾರಿಗೆ ವಿದ್ಯುತ್ ಒದಗಿಸಲು ಬೇರೆ ದಾರಿಗಳಿವೆ ಎಂದು ವಾದಿಸಿತು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ, ಕೃಷಿ ವಿಜ್ಞಾನಿ ಎಂ. ಎಸ್. ಸ್ವಾಮಿನಾಥನ್ ಮೊದಲಾದವರು ಕಾಡನ್ನು ಉಳಿಸಬೇಕೆಂದರು. ಕವಯಿತ್ರಿ ಸುಗತಕುಮಾರಿಯವರು ಕವಿಗಳನ್ನೂ ಸಾಹಿತಿಗಳನ್ನೂ ಈ ಕಾರ್ಯಕ್ಕೆ ಕೂಡಿಸಿದರು. ಕೇಂದ್ರ ಸರಕಾರವು ಎಂ. ಜಿ. ಕೆ. ಮೆನನ್ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಕೊನೆಗೆ 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಒಪ್ಪಿಗೆ ದೊರೆತ ಹತ್ತು ವರ್ಷಗಳ ನಂತರ ಯೋಜನೆ ನಿಂತಿತು. ವಿದ್ಯುತ್ತು ಕಾಯುತ್ತಿದ್ದವರು ಹತ್ತು ವರ್ಷ ಕಾದರು, ಕಾಡನ್ನು ಪ್ರೀತಿಸಿದವರು ಹತ್ತು ವರ್ಷ ಹೋರಾಡಿದರು. ಇದೇ ಪ್ರಶ್ನೆಗಳನ್ನು 1973ಕ್ಕೂ ಮೊದಲು ಕೇಳಿದ್ದರೆ ಇಬ್ಬರಿಗೂ ಕಾಲ ಉಳಿಯುತ್ತಿತ್ತು.

ಕಾನೂನು ಬೆಳೆದ ಬಗೆ

ಇಂತಹ ಅನುಭವಗಳಿಂದ ಕಾನೂನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರ ಸರಕಾರದ ಮುಂಚಿತ ಒಪ್ಪಿಗೆ ಬೇಕಾಯಿತು. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಮಂದಿ ಸತ್ತ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. ಅದರ ಅಡಿಯಲ್ಲಿ 1994ರಲ್ಲಿ ಹೊರಟ ಅಧಿಸೂಚನೆಯು ದೊಡ್ಡ ಯೋಜನೆಗಳಿಗೆ 'ಪರಿಸರ ಪರಿಣಾಮ ಅಧ್ಯಯನ'ವನ್ನು ಕಡ್ಡಾಯಗೊಳಿಸಿತು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆಯೂ ಕಡ್ಡಾಯವಾಯಿತು. 2006ರ ಸೆಪ್ಟೆಂಬರ್ 14ರಂದು ಹಳೆಯ ಅಧಿಸೂಚನೆಯ ಸ್ಥಾನದಲ್ಲಿ ಹೊಸದು ಬಂತು.

2006ರ ಅಧಿಸೂಚನೆಯಲ್ಲಿ ನಾಲ್ಕು ಹಂತಗಳಿವೆ.

1. ಯೋಜನೆಗೆ ಆಳವಾದ ಅಧ್ಯಯನ ಬೇಕೇ ಬೇಡವೇ ಎಂದು ನೋಡುವುದು. ದೊಡ್ಡ ಜಲವಿದ್ಯುತ್ ಯೋಜನೆಗಳೂ ಎಲ್ಲ ಅಣುವಿದ್ಯುತ್ ಸ್ಥಾವರಗಳೂ ಕೇಂದ್ರದ ಪರಿಶೀಲನೆಗೆ ಸೇರಿವೆ.

2. ಅಧ್ಯಯನದಲ್ಲಿ ಯಾವ ಯಾವ ಪ್ರಶ್ನೆಗಳಿಗೆ ಉತ್ತರ ಸಿಗಬೇಕೆಂದು ನಿಗದಿಪಡಿಸುವುದು.

3. ಜನರ ಅಭಿಪ್ರಾಯ ಕೇಳುವುದು.

4. ತಜ್ಞರ ಸಮಿತಿಯು ಎಲ್ಲವನ್ನೂ ತೂಗಿನೋಡಿ ಶಿಫಾರಸು ಮಾಡುವುದು. ಅನುಮತಿ ದೊರೆತರೆ ಅದಕ್ಕೆ ಷರತ್ತುಗಳಿರುತ್ತವೆ. ಅವುಗಳ ಪಾಲನೆಯ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು.

ಅನುಮತಿಯಿಂದ ಅನ್ಯಾಯವಾಯಿತೆಂದು ತೋರಿದವರು 2010ರ ಕಾಯಿದೆಯಂತೆ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಅಹವಾಲು ಸಭೆ

ಈ ನಾಲ್ಕರಲ್ಲಿ ಮೂರನೆಯ ಹಂತವೇ ಸಾಮಾನ್ಯ ಜನರ ಕೈಗೆ ಎಟಕುವುದು. ಸಭೆಯನ್ನು ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ವಹಿಸುವವರು ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹೆಚ್ಚುವರಿ ಜಿಲ್ಲಾಧಿಕಾರಿಯ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಸಭೆಯನ್ನು ಯೋಜನೆಯ ಸ್ಥಳದಲ್ಲಿ ಇಲ್ಲವೆ ಅದರ ಸಮೀಪದಲ್ಲಿ ನಡೆಸಬೇಕು. ಇಷ್ಟೇ ಮಂದಿ ಬರಬೇಕೆಂಬ ನಿಯಮವಿಲ್ಲ. ಬಂದವರು ಎಷ್ಟಿದ್ದರೂ ಸಭೆ ನಡೆಯುತ್ತದೆ. ಜನರು ಹೇಳಿದುದನ್ನು ಬರೆದುಕೊಂಡು, ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ಸಭೆಗೆ ಬರಲಾಗದವರು ಬರವಣಿಗೆಯಲ್ಲಿಯೂ ಅಭಿಪ್ರಾಯ ಕಳುಹಿಸಬಹುದು.

ಈ ಸಭೆ ಬರಿಯ ಶಾಸ್ತ್ರಕ್ಕಲ್ಲ ಎಂಬುದಕ್ಕೆ ತೃಶ್ಶೂರು ಜಿಲ್ಲೆಯ ಅತಿರಪ್ಪಿಳ್ಳಿ ಯೋಜನೆ ಸಾಕ್ಷಿ. ಚಾಲಕ್ಕುಡಿ ಹೊಳೆಗೆ 163 ಮೆಗಾವಾಟಿನ ಯೋಜನೆ ಸಿದ್ಧವಾಗಿತ್ತು. ಪ್ರಸಿದ್ಧ ಜಲಪಾತವೊಂದು ಅಲ್ಲಿದೆ. ಕಾಡರ್ ಎಂಬ ಆದಿವಾಸಿಗಳ ವಾಸಸ್ಥಳವೂ ಅಲ್ಲಿದೆ. ಜನರ ಅಹವಾಲನ್ನು ಕ್ರಮಪ್ರಕಾರ ಕೇಳಬೇಕೆಂದು 2001ರಲ್ಲಿ ಕೇರಳ ಉಚ್ಚ ನ್ಯಾಯಾಲಯ ಆದೇಶಿಸಿತು. ಮತ್ತೆ ದೊರೆತ ಅನುಮತಿಯನ್ನು 2006ರಲ್ಲಿ ಅದೇ ನ್ಯಾಯಾಲಯ ರದ್ದುಗೊಳಿಸಿತು. ಅಧ್ಯಯನ ವರದಿಯನ್ನು ಜನರಿಗೆ ತೋರಿಸದೆ ಅಹವಾಲು ಕೇಳಿದರೆ ಅದು ಕೇಳಿದಂತಾಗುವುದಿಲ್ಲ ಎಂಬುದೇ ಇದರ ಸಾರಾಂಶ. ವಿಷಯವನ್ನೇ ತಿಳಿಸದೆ ಅಭಿಪ್ರಾಯ ಕೇಳುವುದು, ಪಾಠ ಮಾಡದೆ ಪರೀಕ್ಷೆ ನಡೆಸಿದಂತೆ.

ಯಾವ ಭಾಷೆಯಲ್ಲಿ?

ಗಡಿನಾಡಿನ ಕನ್ನಡಿಗರಾದ ನಮಗೆ ಇಲ್ಲಿ ಒಂದು ವಿಶೇಷ ಪ್ರಶ್ನೆ ಏಳುತ್ತದೆ. ವರದಿಯ ಸಾರಾಂಶವು ಇಂಗ್ಲಿಷಿನಲ್ಲಿಯೂ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಇರಬೇಕೆಂದು ಅಧಿಸೂಚನೆ ಹೇಳುತ್ತದೆ. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ರಾಜ್ಯದ ಭಾಷೆ ಮಲಯಾಳ. ನಮ್ಮ ಅನೇಕ ಮನೆಗಳ ಹಿರಿಯರು ಓದು ಬರಹ ಕಲಿತದ್ದು ಕನ್ನಡದಲ್ಲಿ. ಅವರಿಗೆ ವರದಿ ಓದಲು ಬಾರದಿದ್ದರೆ ಅವರ ಜಮೀನಿನ, ಬಾವಿಯ, ಹೊಳೆಯ ಪ್ರಶ್ನೆಯನ್ನು ಕೇಳುವವರು ಯಾರು?

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. 2020ರಲ್ಲಿ ಕೇಂದ್ರ ಸರಕಾರವು 2006ರ ಅಧಿಸೂಚನೆಗೆ ಬದಲಾಗಿ ಹೊಸ ಕರಡೊಂದನ್ನು ಹೊರಡಿಸಿ ಜನರ ಆಕ್ಷೇಪಣೆಗಳನ್ನು ಕೇಳಿತು. ಅಹವಾಲು ಸಭೆಯ ಪ್ರಕಟಣೆಯ ಅವಧಿಯನ್ನು 30 ದಿನಗಳಿಂದ 20 ದಿನಗಳಿಗೆ ಇಳಿಸುವ ಸಲಹೆಯೂ ಅದರಲ್ಲಿತ್ತು. ಆದರೆ ಕರಡು ಪ್ರಕಟವಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಆ ವರ್ಷದ ಜೂನ್ 30ರಂದು ದೆಹಲಿ ಉಚ್ಚ ನ್ಯಾಯಾಲಯವು, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಕರಡನ್ನು ಅನುವಾದಿಸಬೇಕೆಂದು ಆದೇಶಿಸಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂಬ ಕಾರಣದಿಂದ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅಂತಿಮ ಅಧಿಸೂಚನೆಯನ್ನು ಹೊರಡಿಸದಂತೆ ತಾತ್ಕಾಲಿಕ ತಡೆ ನೀಡಿತು. ಭಾಷೆ ತಿಳಿಯದವನ ಮೌನವನ್ನು ಒಪ್ಪಿಗೆಯೆಂದು ಎಣಿಸಲಾಗದು ಎಂಬ ಮಾತಿಗೆ ಈ ಆದೇಶಗಳಿಂದ ಬಲ ಬಂತು.

ಬೇಗ ಆಗಬೇಡವೇ?

ಅನುಮತಿಗೆ ವರ್ಷಗಟ್ಟಲೆ ಕಾಯಬೇಕಾದರೆ ಖರ್ಚು ಏರುತ್ತದೆ, ಆ ಹೊರೆ ಕೊನೆಗೆ ಬಿಲ್ಲು ಕಟ್ಟುವ ನಮ್ಮ ಮೇಲೆಯೇ ಬೀಳುತ್ತದೆ ಎಂದು ಕೆಲವರು ಹೇಳುತ್ತಾರೆ. ಇದೂ ನಿಜ. ಕೇರಳವು ತನಗೆ ಬೇಕಾದ ವಿದ್ಯುತ್ತಿನ ಬಹುಭಾಗವನ್ನು ಹೊರಗಿನಿಂದ ತರಿಸುತ್ತದೆ. ಅರ್ಜಿಗಳೆಲ್ಲ ಒಂದೇ ಕಡೆ ಸಲ್ಲಿಕೆಯಾಗಲೆಂದು 2018ರಲ್ಲಿ 'ಪರಿವೇಶ್' ಎಂಬ ಏಕಗವಾಕ್ಷಿ ವ್ಯವಸ್ಥೆ ಬಂದಿದೆ. ಕಡತವು ಮೇಜಿನಿಂದ ಮೇಜಿಗೆ ಅಲೆಯುವ ಕಾಲವನ್ನು ಉಳಿಸುವ ಸುಧಾರಣೆ ಎಲ್ಲರಿಗೂ ಹಿತ. ಆದರೆ ಜನರ ಮಾತು ಕೇಳುವ ದಿನಗಳನ್ನೇ ಕಡಿತಗೊಳಿಸುವುದು ಬೇರೆ ವಿಷಯ. ಇವೆರಡರ ವ್ಯತ್ಯಾಸವನ್ನು ನಾವು ಅರಿತಿರಬೇಕು.

ಎಲ್ಲ ಯೋಜನೆಗಳಿಗೂ ಈ ಅಹವಾಲು ಸಭೆ ಇಲ್ಲವೆಂಬುದನ್ನೂ ತಿಳಿದಿರಬೇಕು. ನಮ್ಮ ಜಿಲ್ಲೆಯ ಅಂಬಲತ್ತರ ಮತ್ತು ಪೈವಳಿಕೆಗಳಲ್ಲಿ ತಲಾ 50 ಮೆಗಾವಾಟಿನ ಸೌರ ವಿದ್ಯುತ್ ಸ್ಥಾವರಗಳಿವೆ. ಸೌರ ಸ್ಥಾವರಗಳು 2006ರ ಅಧಿಸೂಚನೆಯ ಪಟ್ಟಿಗೆ ಸೇರಿಲ್ಲ. ವಿದ್ಯುತ್ ಸಾಗಿಸುವ ತಂತಿ ಮಾರ್ಗಗಳೂ ಸೇರಿಲ್ಲ. 1885ರ ತಂತಿ ಕಾಯಿದೆಯು ತಂತಿ ಇಲಾಖೆಗೆ ನೀಡಿದ್ದ ಅಧಿಕಾರವನ್ನು ವಿದ್ಯುತ್ ಮಾರ್ಗ ಎಳೆಯುವವರಿಗೂ ಸರಕಾರ ನೀಡಬಹುದೆಂದು 2003ರ ವಿದ್ಯುತ್ ಕಾಯಿದೆ ಹೇಳುತ್ತದೆ. ಹೀಗೆ ಅಧಿಕಾರ ಪಡೆದವರು ಜಮೀನಿನ ಒಡೆಯನ ಒಪ್ಪಿಗೆಯಿಲ್ಲದೆಯೂ ಕಂಬ ನೆಡಬಹುದು. ಆದರೆ ಆದ ನಷ್ಟಕ್ಕೆ ಪರಿಹಾರ ಕೊಡಲೇಬೇಕು. ಅಡ್ಡಿ ಬಂದರೆ ಜಿಲ್ಲಾಧಿಕಾರಿಯೂ, ಪರಿಹಾರದ ಮೊತ್ತದ ಬಗ್ಗೆ ವಿವಾದ ಬಂದರೆ ಜಿಲ್ಲಾ ನ್ಯಾಯಾಧೀಶರೂ ತೀರ್ಮಾನಿಸುತ್ತಾರೆ. ಉಡುಪಿಯಿಂದ ಕಾಸರಗೋಡಿಗೆ 400 ಕಿಲೋವೋಲ್ಟಿನ ಮಾರ್ಗದ ಯೋಜನೆ ಬಂದಾಗ ತೋಟಗಾರರು ಆಕ್ಷೇಪಿಸಿದ್ದು ಈ ಕಾರಣದಿಂದಲೇ. ಅಡಿಕೆ ಮರ ಫಸಲು ಕೊಡಲು ಹಲವು ವರ್ಷ ಬೇಕು. ಅದನ್ನು ಕಡಿಯಲು ಒಂದು ಗಳಿಗೆ ಸಾಕು.

ನಮ್ಮ ಕರ್ತವ್ಯ

ವಿದ್ಯಾರ್ಥಿ ಮಿತ್ರರೇ, ಮುಂದೊಂದು ದಿನ ನಮ್ಮ ಊರಿನ ಬಳಿಯೂ ಇಂತಹ ಯೋಜನೆ ಬರಬಹುದು. ಆಗ 'ಬೇಕು' ಎಂದು ಕೂಗುವುದಾಗಲಿ 'ಬೇಡ' ಎಂದು ಕೂಗುವುದಾಗಲಿ ಸಾಲದು. ವರದಿಯನ್ನು ತರಿಸಿ ಓದಬೇಕು. ಬೇಸಗೆಯಲ್ಲಿಯೂ ತೋಡಿನಲ್ಲಿ ನೀರಿರುತ್ತದೆ ಎಂದು ವರದಿ ಹೇಳಿದ್ದು, ನಿಜವಾಗಿ ಮಾರ್ಚ್‌ನಲ್ಲೇ ಅದು ಬತ್ತುವುದಾದರೆ, ಆ ಒಂದು ಸಂಗತಿಯನ್ನು ಪುಟಸಂಖ್ಯೆ ಸಹಿತ ಬರೆದುಕೊಡಬೇಕು. ನೂರು ಘೋಷಣೆಗಳಿಗಿಂತ ಇಂತಹ ಒಂದು ಸಾಲಿಗೆ ತೂಕ ಹೆಚ್ಚು. ಏಕೆಂದರೆ ಅದಕ್ಕೆ ಯೋಜನೆಯವರು ಉತ್ತರ ಹೇಳಬೇಕಾಗುತ್ತದೆ. ತಜ್ಞರ ಸಮಿತಿ ಅದನ್ನು ಓದಬೇಕಾಗುತ್ತದೆ.

ಕನ್ನಡ ಪ್ರತಿ ಬೇಕೆಂದು ವಿನಯದಿಂದ, ಆದರೆ ದೃಢವಾಗಿ ಬರೆದು ಕೇಳಬೇಕು. ಅದು ಬರುವವರೆಗೆ, ಇಂಗ್ಲಿಷ್ ಅಥವಾ ಮಲಯಾಳ ಓದಬಲ್ಲ ಮಕ್ಕಳು ಮನೆಯ ಹಿರಿಯರಿಗೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ಓದಿ ಹೇಳಬೇಕು. ಹಿರಿಯರಿಗೆ ನೆಲದ ಅನುಭವವಿದೆ, ಮಕ್ಕಳಿಗೆ ಅಕ್ಷರವಿದೆ. ಎರಡೂ ಕೂಡಿದರೆ ಅಹವಾಲು ಸಭೆಯಲ್ಲಿ ನಮ್ಮ ಊರಿನ ಮಾತು ಸರಿಯಾಗಿ ದಾಖಲಾಗುತ್ತದೆ. ಹೆತ್ತವರೂ ಈ ಕೆಲಸದಲ್ಲಿ ಮಕ್ಕಳನ್ನು ಜತೆಗೆ ಕರೆದುಕೊಳ್ಳುವರೆಂದು ಹಾರೈಸುತ್ತೇವೆ.

ಯೋಚಿಸಿ ಉತ್ತರಿಸಿರಿ

1. ಸೈಲೆಂಟ್ ವ್ಯಾಲಿ ಯೋಜನೆಯ ಪರವಾಗಿ ಮತ್ತು ವಿರುದ್ಧವಾಗಿ ಇದ್ದ ಒಂದೊಂದು ವಾದವನ್ನು ಬರೆಯಿರಿ.

2. ಅಹವಾಲು ಸಭೆಗೆ 30 ದಿನ ಮೊದಲು ಪ್ರಕಟಣೆ ಕೊಡುವುದರಿಂದ ಹಳ್ಳಿಯವರಿಗೆ ಆಗುವ ಉಪಯೋಗವೇನು?

3. ನಿಮ್ಮ ಊರಿನ ಹೊಳೆ ಅಥವಾ ತೋಡು ಯಾವ ತಿಂಗಳಲ್ಲಿ ಬತ್ತುತ್ತದೆ? ಮನೆಯ ಹಿರಿಯರನ್ನು ಕೇಳಿ ಬರೆದಿಡಿರಿ.