ರೀಲು ಗಾಡಿ ಚಟುವಟಿಕೆ: ಮಾಡಬೇಕಾದ್ದು, ಮಾಡಬಾರದ್ದು

ಒಂಬತ್ತನೇ ತರಗತಿ, ಪ್ರಚ್ಛನ್ನ ಶಕ್ತಿಯ ಪಾಠ. ವಿಜ್ಞಾನ ಶಿಕ್ಷಕರಿಗೆ. ದಾರದ ಖಾಲಿ ರೀಲಿನೊಳಗೆ ರಬ್ಬರ್ ಬ್ಯಾಂಡ್ ತೂರಿಸಿ, ಒಂದು ತುದಿಗೆ ಬೆಂಕಿಕಡ್ಡಿ, ಇನ್ನೊಂದಕ್ಕೆ ಮೇಣದ ಬಿಲ್ಲೆ ಮತ್ತು ಉದ್ದ ಕಡ್ಡಿ ಸಿಕ್ಕಿಸಿ ಸುತ್ತು ಕೊಟ್ಟರೆ ಓಡುವುದೇ ರೀಲು ಗಾಡಿ.

ರಬ್ಬರ್ ಬ್ಯಾಂಡನ್ನು ಎರಡು ಪಟ್ಟು ಎಳೆದರೆ ಅದರಲ್ಲಿ ತುಂಬುವ ಶಕ್ತಿ ಹೆಚ್ಚೂಕಡಿಮೆ ನಾಲ್ಕು ಪಟ್ಟು. ಹರಿದರೆ ಅಷ್ಟೂ ಒಮ್ಮೆಗೇ ಹೊರಬರುತ್ತದೆ. ಕಣ್ಣಿಗೆ ಬಡಿದರೆ ಕಣ್ಣೇ ಹೋಗಬಹುದು.

ಮಾಡಬೇಕಾದ್ದು

– ಹಿಂದಿನ ದಿನವೇ ಒಂದು ಗಾಡಿ ಕಟ್ಟಿ ಓಡಿಸಿ ನೋಡಿ.
– ಹೊಸ ಬ್ಯಾಂಡ್‌ಗಳನ್ನೇ ತನ್ನಿ.
– ಒಂದೊಂದನ್ನೂ ಬೆಳಕಿಗೆ ಹಿಡಿದು, ಮುಖದಿಂದ ದೂರ ಎಳೆದು ನೋಡಿ.
– ಬಿರುಕು ಬಿಟ್ಟದ್ದನ್ನು ಕತ್ತರಿಸಿ ಎಸೆಯಿರಿ. ಇಡಿಯಾಗಿ ಬುಟ್ಟಿಗೆ ಹಾಕಿದ್ದು ಮಧ್ಯಾಹ್ನದೊಳಗೆ ಯಾರದೋ ಜೇಬಿನಲ್ಲಿರುತ್ತದೆ.
– ಮೇಣದಬತ್ತಿಯ ಬಿಲ್ಲೆಗಳನ್ನು ನೀವೇ ಕೊಯ್ದು, ತೂತು ಕೊರೆದು ತನ್ನಿ.
– ಬೆಂಕಿಕಡ್ಡಿಗಳ ಮದ್ದಿನ ತುದಿ ಮುರಿದು ಹಾಕಿ.
– ರಬ್ಬರ್, ಬಲೂನು ಮುಟ್ಟಿದರೆ ಮೈ ತುರಿಸುವ, ಮುಖ ಊದುವ ಮಕ್ಕಳಿದ್ದಾರೆಯೇ ಕೇಳಿ. ಇದ್ದರೆ ರೀಲು ಗಾಡಿಯನ್ನು ಕೈಬಿಟ್ಟು, ಕೀಲಿ ಕೊಡುವ ಆಟದ ಕಾರು ತನ್ನಿ.
– ರಕ್ಷಣಾ ಕನ್ನಡಕ ಎಷ್ಟಿವೆಯೋ ಅಷ್ಟೇ ಮಕ್ಕಳನ್ನು ಒಂದು ಸರದಿಗೆ ಕರೆಯಿರಿ.
– ಗಾಡಿಯನ್ನು ನೆಲದ ಮೇಲೆ ಓಡಿಸಿ.
– ಸುತ್ತು ಎಣಿಸಿಯೇ ಕೊಡಿಸಿ: ಮೊದಲು 10, ಆಮೇಲೆ 20.
– ಪ್ರತಿ ಸಲ ದೂರ ಅಳೆದು ಬರೆಸಿ.
– ಬ್ಯಾಂಡ್‌ಗಳನ್ನು ಎಣಿಸಿ ವಾಪಸ್ ಪಡೆಯಿರಿ.

ಮಾಡಬಾರದ್ದು

– ಯಾರ ಮುಖದತ್ತಲೂ ಬ್ಯಾಂಡ್ ಎಳೆಯುವುದು ಬೇಡ.
– ಚಾಟರಬಿಲ್ಲು ಬೇಡ. ಮಕ್ಕಳು ಕೇಳಿಯೇ ಕೇಳುತ್ತಾರೆ, ಆದರೂ ಬೇಡ.
– ಸೈಕಲ್ ಟ್ಯೂಬಿನ ಪಟ್ಟಿ ಬಳಸಬಾರದು.
– ಸುತ್ತು ಕೊಟ್ಟ ಗಾಡಿಯನ್ನು ಬೆಂಚಿನ ಮೇಲೆ ಬಿಟ್ಟು ಹೋಗಬಾರದು.
– ಬಿಗಿಯಾಗಿರುವ ಬ್ಯಾಂಡನ್ನು ಕತ್ತರಿಸಬಾರದು. ಕಡ್ಡಿ ಹಿಡಿದು ನಿಧಾನವಾಗಿ ಸುತ್ತು ಬಿಚ್ಚಿ.
– ಶಕ್ತಿ ತುಂಬಿಟ್ಟ ಬೇರೆ ವಸ್ತು ತೋರಿಸಲೆಂದು ಹಳೇ ಮೊಬೈಲ್ ಬ್ಯಾಟರಿ ತರಿಸುವುದು ಬೇಡ. ಚುಚ್ಚಿದರೆ, ಮಡಚಿದರೆ ಹೊತ್ತಿಕೊಳ್ಳುತ್ತದೆ.
– ಕ್ಯಾಮೆರಾ ಫ್ಲ್ಯಾಶ್ ಬಿಚ್ಚಬಾರದು. ಸೆಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.
– ಬಟನ್ ಸೆಲ್ ತರಗತಿಗೆ ತರಬಾರದು. ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು.

ಕಣ್ಣಿಗೆ ಪೆಟ್ಟಾದರೆ

– ಉಜ್ಜುವುದು ಬೇಡ.
– ಒತ್ತಿ ಕಟ್ಟುವುದು ಬೇಡ.
– ನೋವು ಇಳಿಯಿತೆಂದು ಮಗುವನ್ನು ಸುಮ್ಮನೆ ಮನೆಗೆ ಕಳಿಸಬಾರದು.
– ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.
– ಕಣ್ಣು ಮಂಜಾದರೆ, ಒಳಗೆ ರಕ್ತ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ.